‘ಟಗರು’ ಚಿತ್ರವೂ ಪೋಲೀಸರ ಪಿಸ್ತೂಲೂ

ವಾಕ್ಚಿತ್ರಗಳ ಗುಣದೋಷಗಳನ್ನು ಈ ಪುಟದಲ್ಲಿ ಚರ್ಚಿಸುವ ವಾಡಿಕೆ ನಮ್ಮಲ್ಲಿಲ್ಲ. ಆದರೆ ಪೋಲೀಸರ ಗುಂಡಿಗೆ ಪಾತಕಿಯೊಬ್ಬನು ಬಲಿಯಾದನೆಂಬ ಸುದ್ದಿ ಬಂದಾಗಲೆಲ್ಲ, ರಾಯಚೂರಿನ ಸುಶಿಕ್ಷಿತರೂ ದೇವದುರ್ಗ, ಮಾನ್ವಿಗಳ ತರುಣರೂ ‘ಟಗರು’ ಚಿತ್ರವನ್ನು ಉದಾಹರಿಸುವುದನ್ನು ನಾವು ಕೇಳಿದ್ದೇವೆ. ಆದುದರಿಂದ ಆ ವಿಷಯವಾಗಿ ಎರಡು ಮಾತು ಬರೆಯುವುದು ಅವಶ್ಯವಾಗಿದೆ.

2018ನೆಯ ಇಸವಿ ಫೆಬ್ರವರಿ 23ರಂದು ತೆರೆಕಂಡ ಈ ಚಿತ್ರದ ನಿರ್ದೇಶಕರು ಸೂರಿಯವರು. 2007ರಲ್ಲಿ ‘ದುನಿಯಾ’ ಚಿತ್ರದಿಂದ ಹೆಸರಾದ ಇವರು ನಗರದ ಕೊಳಕು ಗಲ್ಲಿಗಳನ್ನು ಬಣ್ಣ ಬಳಿಯದೆ ತೋರಿಸುವುದರಲ್ಲಿ ನಿಪುಣರು. ಕಥೆಯನ್ನು ಆದಿಯಿಂದ ಅಂತ್ಯಕ್ಕೆ ನೇರವಾಗಿ ಹೇಳದೆ, ಹಿಂದುಮುಂದಾಗಿ ತುಂಡರಿಸಿ ಜೋಡಿಸಿದ್ದಾರೆ. ಒಮ್ಮೆ ನೋಡಿದವನು ಗೊಂದಲಪಟ್ಟು ಮತ್ತೊಮ್ಮೆ ಟಿಕೀಟು ಕೊಂಡರೆ ಆಶ್ಚರ್ಯವಿಲ್ಲ! ಚರಣ್ ರಾಜರ ಸಂಗೀತವು ಜನರ ಬಾಯಲ್ಲಿ ನೆಲೆಸಿತು. 1995ರ ‘ಓಂ’ ಚಿತ್ರದಲ್ಲಿ ರೌಡಿಯಾಗಿದ್ದ ಶಿವರಾಜಕುಮಾರರು ಇಲ್ಲಿ ಅಂಥವರನ್ನೇ ಬೇಟೆಯಾಡುವ ಪೋಲೀಸು ಅಧಿಕಾರಿಯಾಗಿದ್ದಾರೆ. ಆದರೂ ಪ್ರೇಕ್ಷಕರ ಮನಸ್ಸನ್ನು ಸೆಳೆದವನು ಕ್ರೂರಿಯಾದ ಡಾಲಿ. ಆ ಪಾತ್ರ ವಹಿಸಿದ ಧನಂಜಯರಿಗೆ ಅದೇ ಹೆಸರು ಅಂಟಿಕೊಂಡು, ಮುಂದೆ ಅವರು ಸ್ಥಾಪಿಸಿದ ಚಿತ್ರಸಂಸ್ಥೆಗೂ ‘ಡಾಲಿ ಪಿಕ್ಚರ್ಸ್’ ಎಂದೇ ನಾಮಕರಣವಾಯಿತು. ದುಷ್ಟನ ಹೆಸರು ನಟನಿಗೆ ಬಿರುದಾಗುವುದು ನಮಗೆ ವಿಚಿತ್ರವಾಗಿ ತೋರುತ್ತದೆ; ನಟನೆಯ ಶಕ್ತಿಯನ್ನು ಮಾತ್ರ ಅಲ್ಲಗಳೆಯುವಂತಿಲ್ಲ.

ಮಾನ್ವಿಯು ಜಗನ್ನಾಥದಾಸರು ನೆಲೆಸಿದ್ದ ಊರು. ದೇವದುರ್ಗ ಸೀಮೆಯ ಮೊಸರಕಲ್ಲು ಗೋಪಾಲದಾಸರ ಊರು. ದಾಸವಾಣಿಯ ಈ ನಾಡಿಗೆ ಬೆಂಗಳೂರಿನ ರೌಡಿಗಳ ಬೈಗುಳದ ಕನ್ನಡವು ಬಂದು ಸೇರಿತಲ್ಲಾ ಎಂದು ವ್ಯಸನಪಡುವ ಹಿರಿಯರಿದ್ದಾರೆ. ನಮಗೆ ಆ ಭಯವಿಲ್ಲ. ಗಡಿಯಾಚೆಯ ತೆಲುಗು ಚಿತ್ರಗಳಿಗೆ ಮುಗಿಬೀಳುವ ನಮ್ಮ ಜನರು ಕನ್ನಡ ಚಿತ್ರವೊಂದನ್ನು ಮೆಚ್ಚಿದರೆ ಅದು ಸಂತೋಷವೇ ಸರಿ.

ನಮ್ಮ ಚಿಂತೆ ಬೇರೆಯದು. ತೆರೆಯ ಮೇಲೆ ಅಧಿಕಾರಿಯು ಪಿಸ್ತೂಲು ಎತ್ತಿದೊಡನೆ ಚಪ್ಪಾಳೆಯ ಸುರಿಮಳೆಯಾಗುತ್ತದೆ. ಈ ಚಪ್ಪಾಳೆಗೆ ಕಾರಣವಿಲ್ಲದಿಲ್ಲ. ವರ್ಷಗಟ್ಟಲೆ ಎಳೆಯುವ ಖಟ್ಲೆಗಳು, ಹೆದರಿ ಮಾತು ಬದಲಿಸುವ ಸಾಕ್ಷಿಗಳು, ಜಾಮೀನಿನ ಮೇಲೆ ಹೊರಬಂದು ಮೀಸೆ ತಿರುವುವ ಆರೋಪಿಗಳು — ಇವನ್ನು ಕಂಡು ಬೇಸತ್ತವನಿಗೆ ಗುಂಡಿನ ನ್ಯಾಯ ರುಚಿಸುವುದು ಸಹಜ. ಆದರೆ ಗುಂಡು ತಗಲಿದವನು ಅಪರಾಧಿಯೇ ಎಂದು ನಿರ್ಧರಿಸಿದವರು ಯಾರು? ಚಿತ್ರದಲ್ಲಿ ಪ್ರೇಕ್ಷಕನೇ ಕೃತ್ಯವನ್ನು ಕಣ್ಣಾರೆ ಕಂಡಿರುತ್ತಾನೆ. ಠಾಣೆಯಲ್ಲಿ ಹಾಗಲ್ಲ, ಅಲ್ಲಿರುವುದು ಒಬ್ಬ ಅಮಲದಾರನ ಊಹೆ, ಒಬ್ಬ ಬಾತ್ಮೀದಾರನ ಮಾತು. ಬಡವನ ಹೆಸರು ಆ ಮಾತಿನಲ್ಲಿ ಬಲು ಸುಲಭವಾಗಿ ಸೇರಿಕೊಳ್ಳುತ್ತದೆ.

ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ ದಸ್ತಗಿರಿಯ ನಿಯಮಗಳನ್ನು ವಿಧಿಸಿತು. 2014ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ, ಪೋಲೀಸರ ಗುಂಡಿನಿಂದ ಯಾರಾದರೂ ಸತ್ತರೆ ಸಿ.ಐ.ಡಿ.ಯವರು ಅಥವಾ ಬೇರೊಂದು ಠಾಣೆಯವರು ತನಿಖೆ ನಡೆಸಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಲೇಬೇಕು, ಘಟನೆಯಾದೊಡನೆ ಬಡತಿಯನ್ನಾಗಲಿ ಶೌರ್ಯಪದಕವನ್ನಾಗಲಿ ಕೊಡಕೂಡದು ಎಂದು ಆಜ್ಞಾಪಿಸಿತು. ಈ ನಿಯಮಗಳನ್ನು ನಮ್ಮ ಅಧಿಕಾರಿ ವಾಚಕರು ಬಲ್ಲರು. ಪಿಸ್ತೂಲಿನ ಹೊಗೆ ಆರಿದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ನಿಂತು ಒಂದೊಂದು ಗುಂಡಿಗೂ ಲೆಕ್ಕ ಒಪ್ಪಿಸುವ ಪೋಲೀಸನ ಕಥೆಯನ್ನೇ ಸೂರಿಯವರಂಥ ಸಮರ್ಥರು ಮುಂದೊಮ್ಮೆ ಚಿತ್ರಿಸಿದರೆ, ಅದನ್ನು ನೋಡಲು ಟಿಕೀಟಿನ ಸಾಲಿನಲ್ಲಿ ನಾವೂ ನಿಲ್ಲುವೆವು.