ಒಂದೇ ಲೇತು, ಬೇರೆ ಬೇರೆ ಎಣ್ಣೆ

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಅಲ್ಲಿ ತಯಾರಾದ ಲೇತುಗಳು ಮಾತ್ರ ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿಯ ಹಳೆಯ ಲೇತುಗಳದೂ ಇದೇ ಕತೆ. ಎರಕದ ಕಬ್ಬಿಣದ ಈ ಗಟ್ಟಿ ಯಂತ್ರಗಳು ಬರೀ ವಯಸ್ಸಿನಿಂದ ಕೆಡುವುದು ಕಡಿಮೆ. ಅವುಗಳನ್ನು ತಿನ್ನುವುದು ಎಣ್ಣೆಯ ಕೊರತೆ. ಇಲ್ಲವೇ 'ಎಣ್ಣೆ ಯಾವುದಾದರೇನು' ಎಂದು ಕೈಗೆ ಸಿಕ್ಕಿದ್ದನ್ನು ಸುರಿಯುವ ಅಭ್ಯಾಸ.

ತಿರುಗುವ ದಂಡದ ಅಡಿಯಲ್ಲಿ ಎಣ್ಣೆ ಏನು ಮಾಡುತ್ತದೆ ಎಂಬುದು ಬಯಲಾದದ್ದು ಆಕಸ್ಮಿಕವಾಗಿ. 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಬೀಚಮ್ ಟವರ್ ರೈಲು ಗಾಲಿಯ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದರೆ, ಯಂತ್ರ ಓಡಿದಾಗ ಎಣ್ಣೆ ಆ ತೂತಿನಿಂದಲೇ ಮೇಲೆ ಉಕ್ಕಿತು. ಬಿರಡೆ ಹಾಕಿದರೂ, ಮರದ ಬೆಣೆ ಹೊಡೆದರೂ ಹೊರಕ್ಕೆ ತಳ್ಳಿಬಿಟ್ಟಿತು. ಕೊನೆಗೆ ಒತ್ತಡದ ಮಾಪಕ ಕೂರಿಸಿದರು. ಬೇರಿಂಗಿನ ಮೇಲಿನ ಸರಾಸರಿ ಭಾರ ಚದರ ಅಂಗುಲಕ್ಕೆ 100 ಪೌಂಡ್. ಮಾಪಕ 200ನ್ನೂ ದಾಟಿತು! 1886ರಲ್ಲಿ ಎಂಜಿನಿಯರಿಂಗ್ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬಿಡಿಸಿಟ್ಟರು. ತಿರುಗುವ ದಂಡ ತನ್ನ ಜೊತೆ ಎಣ್ಣೆಯನ್ನೂ ಕಿರಿದಾಗುತ್ತ ಹೋಗುವ ಸಂದಿಯೊಳಕ್ಕೆ ಎಳೆದೊಯ್ಯುತ್ತದೆ. ಅಲ್ಲಿ ಒತ್ತಡ ಏರಿ, ಭಾರವನ್ನೆಲ್ಲ ಎಣ್ಣೆಯ ತೆಳುಪದರವೇ ಹೊರುತ್ತದೆ. ಲೋಹ ಲೋಹವನ್ನು ಮುಟ್ಟುವುದೇ ಇಲ್ಲ.

ಕಂಚಿನ ಬುಷ್ ಇರುವ ಹಳೆಯ ಲೇತಿನ ಸ್ಪಿಂಡಲ್ ಬದುಕಿರುವುದು ಈ ಪದರದ ಬಲದಿಂದ. ಆದರೆ ವೇಗ ಬಂದ ಮೇಲಷ್ಟೇ ಪದರ ಕಟ್ಟುತ್ತದೆ. ಆದ್ದರಿಂದ ಸ್ವಿಚ್ ಒತ್ತುವ ಮೊದಲೇ ಬುಷ್ಷಿಗೆ ಎಣ್ಣೆ ಬಿಡಬೇಕು. ಡಬ್ಬದ ಮೇಲಿನ 32, 46, 68 ಎಂಬ ಅಂಕಿಗಳು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಸ್ನಿಗ್ಧತೆಯನ್ನು ಹೇಳುತ್ತವೆ. ಅಂಕಿ ದೊಡ್ಡದಾದಷ್ಟೂ ಎಣ್ಣೆ ಮಂದ. ವೇಗವಾಗಿ ತಿರುಗುವ ಸ್ಪಿಂಡಲಿಗೆ ಮಂದ ಎಣ್ಣೆ ಹಾಕಿದರೆ ಬೇರಿಂಗ್ ಬಿಸಿಯೇರುತ್ತದೆ.

ಲೇತಿನ ಬೆಡ್ಡಿನ ಮೇಲೆ ಲೆಕ್ಕವೇ ಬೇರೆ. ಉಳಿ ಹೊತ್ತ ಸ್ಯಾಡಲ್ ಅದರ ಮೇಲೆ ತೆವಳುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ. ಟವರ್ ಕಂಡ ಒತ್ತಡ ಹುಟ್ಟುವಷ್ಟು ವೇಗ ಅಲ್ಲಿಲ್ಲ. ನಿಂತದ್ದನ್ನು ಕದಲಿಸಲು ಬೇಕಾದ ಬಲ, ಚಲಿಸುತ್ತಿರುವುದನ್ನು ತಳ್ಳಲು ಬೇಕಾದುದಕ್ಕಿಂತ ಹೆಚ್ಚು. ಹಾಗಾಗಿ ಸ್ಯಾಡಲ್ ಅಂಟಿಕೊಂಡು, ತಟ್ಟನೆ ಜಾರಿ, ಮತ್ತೆ ಅಂಟಿಕೊಂಡು ಸಾಗುತ್ತದೆ. ಜಾಬಿನ ಮೇಲೆ ಗೆರೆ ಬೀಳುತ್ತದೆ. ಇಲ್ಲಿ ಬೇಕಾದದ್ದು ಲೋಹವನ್ನು ಕಚ್ಚಿ ಹಿಡಿಯುವ ಎಣ್ಣೆ. ಸ್ಲೈಡ್‌ವೇ ಆಯಿಲ್‌ಗೆ (ಸಾಮಾನ್ಯವಾಗಿ 68) ಬೆರೆಸುವ ಕೊಬ್ಬಿನ ಮೂಲದ ಅಣುಗಳ ಒಂದು ತುದಿ ಲೋಹಕ್ಕೆ ಅಂಟುತ್ತದೆ. ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಹರಳೆಣ್ಣೆಯ ಗುಣವೂ ಇದೇ. ಆದರೆ ಹರಳೆಣ್ಣೆ ಗಾಳಿಗೆ ಕ್ರಮೇಣ ಗೋಂದಾಗುವುದರಿಂದ ಲೇತಿಗೆ ಒಗ್ಗದು. ಎರಕದ ಕಬ್ಬಿಣದಲ್ಲಿ ಗ್ರಾಫೈಟಿನ ಚಕ್ಕೆಗಳಿವೆ, ನುರಿತ ಕೈ ಸ್ಕ್ರೇಪಿಂಗ್ ಮಾಡಿ ಬಿಟ್ಟ ನವಿರಾದ ಗುಳಿಗಳಿವೆ. ಎರಡೂ ಎಣ್ಣೆಯನ್ನು ಹಿಡಿದಿಡುತ್ತವೆ.

ಬೆಡ್ಡಿಗೆ ಗ್ರೀಸ್ ಮೆತ್ತಬೇಡಿ. ಲೋಹದ ಪುಡಿ ಅದಕ್ಕೆ ಅಂಟಿ, ಉಜ್ಜಿ ಸವೆಸುವ ಪೇಸ್ಟ್ ಆಗುತ್ತದೆ. ಗಾಳಿ ಹೊಡೆದು ಚೂರು ತೆಗೆಯುವುದೂ ಕೆಟ್ಟದ್ದೇ: ಅವು ಸ್ಯಾಡಲಿನ ಅಡಿಗೆ ನುಗ್ಗುತ್ತವೆ. ಬ್ರಷ್, ಬಟ್ಟೆ ಸಾಕು. ಸ್ಯಾಡಲಿನ ಫೆಲ್ಟ್ ಒರೆಸುಪಟ್ಟಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆಯಲ್ಲಿ ನೆನೆಸಿ ಕೂರಿಸಿ. ಎಮರಿ ಕಾಗದ ಹಿಡಿಯುವಾಗ ಬೆಡ್ಡಿಗೆ ಹೊದಿಕೆ ಇರಲಿ. ನೀರು ಬೆರೆಸಿದ ಕೂಲಂಟ್ ಬೆಡ್ಡಿನ ಎಣ್ಣೆಯನ್ನು ತೊಳೆದುಬಿಡುತ್ತದೆ. ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಕಾಣುತ್ತದೆ.

ಎಂಜಿನ್ ಆಯಿಲ್ ಹಾಕಬಹುದೇ? ಅದರ ಡಿಟರ್ಜೆಂಟ್ ಕೊಳೆಯನ್ನು ತಳಕ್ಕೆ ಇಳಿಯಗೊಡದೆ ತೇಲಿಸಿಡುತ್ತದೆ. ವಾಹನದಲ್ಲಿ ಆ ಕೊಳೆ ಹಿಡಿಯಲು ಫಿಲ್ಟರ್ ಇದೆ. ಸ್ಪಿಂಡಲನ್ನು ಹೊತ್ತ ಬಹುತೇಕ ಹಳೆಯ ಹೆಡ್‌ಸ್ಟಾಕುಗಳಲ್ಲಿ ಇಲ್ಲ. ಒಣಗಿ ಓಡುವುದಕ್ಕಿಂತ ಹೊಸ ಎಂಜಿನ್ ಆಯಿಲ್ ವಾಸಿ, ಅಷ್ಟೇ. ಗ್ಯಾರೇಜಿನಲ್ಲಿ ಇಳಿಸಿದ ಕಪ್ಪೆಣ್ಣೆಯನ್ನಂತೂ ಎಂದಿಗೂ ಹಾಕಬಾರದು. ಅದರ ತುಂಬ ಮಸಿ, ಲೋಹದ ಕಣ. ಗಂಧಕ ಹೆಚ್ಚಿರುವ ಕೆಲವು ಗೇರ್ ಆಯಿಲ್‌ಗಳು ಬಿಸಿಯಾದಾಗ ಕಂಚಿನ ಬುಷ್ಷನ್ನು ತಿನ್ನುತ್ತವೆ.

ಹಳೆಯ ಲೇತು ಕೊಳ್ಳುವವರು ಒಂದು ಪರೀಕ್ಷೆ ಮಾಡಿ. ಕೆಲಸವೆಲ್ಲ ಚಕ್ಕಿನ ಹತ್ತಿರವೇ ನಡೆಯುವುದರಿಂದ ಬೆಡ್ ಮೊದಲು ಸವೆಯುವುದೂ ಅಲ್ಲೇ. ಅಲ್ಲಿ ಸ್ಯಾಡಲಿನ ಗಿಬ್ ಪಟ್ಟಿಗಳನ್ನು ಸಡಿಲವಿಲ್ಲದಂತೆ ಹೊಂದಿಸಿ ಟೇಲ್‌ಸ್ಟಾಕಿನ ಕಡೆಗೆ ಓಡಿಸಿ. ಬಿಗಿಯಾದರೆ ಸವೆತ ಎಷ್ಟೆಂದು ತಿಳಿಯುತ್ತದೆ. ವರ್ಷಗಟ್ಟಲೆ ನಿಂತಿದ್ದ ಯಂತ್ರವಾದರೆ ಹಳೆಯ ಎಣ್ಣೆ ಇಳಿಸಿ, ಗಟ್ಟಿಯಾದ ಜಿಡ್ಡಿನಿಂದ ಕಟ್ಟಿಕೊಂಡ ಎಣ್ಣೆ ಕೊಳವೆಗಳನ್ನು ಬಿಡಿಸಿ, ಹೊಸ ಎಣ್ಣೆ ತುಂಬಿ. ಮೊದಲು ಚಕ್ಕನ್ನು ಕೈಯಲ್ಲೇ ತಿರುಗಿಸಿ ನೋಡಿ, ಆಮೇಲೆ ಕಡಿಮೆ ವೇಗದಲ್ಲಿ ಓಡಿಸಿ. ಇಷ್ಟೂ ಮಾಡದೆ ಅದನ್ನು ಗುಜರಿಗೆ ತೂಕ ಹಾಕಬೇಡಿ.