13 ಅಥವಾ 14: ನನ್ನ ಸೋಲೋ ಕೆಟ್ಟದ್ದು ಎಲ್ಲಿ?

"ಲೇ, ಗಿಟಾರ್ ಟ್ಯೂನ್ ಮಾಡ್ಕೊಂಡಿರ್ಲಿಲ್ಲೇನು?"

ಹೋದ ವರ್ಷ ದಾಂಡೇಲಿಯಲ್ಲಿ ಗಣೇಶ ಹಬ್ಬದ ವೇದಿಕೆಯಿಂದ ಇಳಿದ ಕೂಡಲೇ ನಮ್ಮ ಡ್ರಮ್ಮರ್ ಕೇಳಿದ್ದು ಇದನ್ನೇ. ಟ್ಯೂನಿಂಗ್ ಸರಿಯಾಗೇ ಇತ್ತು. ರಿಫ್ ಇದ್ದದ್ದು ಇ ಮೇಲೆ: ಇ, ಜಿ, ಆಮೇಲೆ ಎ ಮೇಜರ್ ಕಾರ್ಡ್. ನಾನು ಬಾಯಿಪಾಠ ಮಾಡಿದ್ದ ಇ ಮೈನರ್ ಸ್ಕೇಲನ್ನೇ ಹತ್ತಿ ಇಳಿದೆ. ಎ ಕಾರ್ಡ್ ಬಂದಾಗಲೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕಂಗ ಆಗ್ತಿತ್ತು.

ತಪ್ಪು ಹಿಡಿದವನು ಗಿಟಾರ್ ಮುಟ್ಟದ ನನ್ನ ರೂಮ್‌ಮೇಟ್. ಧಾರವಾಡದವ, ಸಣ್ಣಾವಿದ್ದಾಗಿಂದ ಹಾರ್ಮೋನಿಯಂ ಕಲಿತವ. ಹಳಿಯಾಳಕ್ಕೆ ಬಂದು ರೆಕಾರ್ಡಿಂಗ್ ಕೇಳಿಸಿದರೆ ಅಂದ: "ಅಂವ ಕಾಫಿ ಬಾರಸಾಕತ್ತಾನ, ನೀ ಆಸಾವರಿ ಹಿಡಕೊಂಡು ಕುಂತಿ."

ಎ ಮೇಜರ್ ಕಾರ್ಡಿನೊಳಗೆ ಸಿ ಶಾರ್ಪ್ ಇದೆ; ನನ್ನ ಸ್ಕೇಲಿನಲ್ಲಿದ್ದದ್ದು ಸಿ. ಅಕ್ಕಪಕ್ಕದ ಎರಡು ಸ್ವರ ಒಟ್ಟಿಗೆ ಕೂಗಿದರೆ, ಅದೂ ಡಿಸ್ಟಾರ್ಷನ್ ಹಾಕಿಕೊಂಡು, ಜನ ಇನ್ನೇನು ಅಂತಾರೆ?

ನಾವೆಲ್ಲ ಮೊದಲು ಕಲಿಯುವ ಮೈನರ್ ಪೆಂಟಾಟೋನಿಕ್‌ನಲ್ಲಿ ಐದೇ ಸ್ವರ: ಇ, ಜಿ, ಎ, ಬಿ, ಡಿ. ಇ ಅನ್ನು ಷಡ್ಜ ಅಂದುಕೊಂಡರೆ ಸ, ಕೋಮಲ ಗ, ಮ, ಪ, ಕೋಮಲ ನಿ. ರೆ ಮತ್ತು ಧ ಇಲ್ಲವೇ ಇಲ್ಲ. ಅದಕ್ಕೇ ಅದು ಮೈನರ್ ರಿಫ್‌ಗಳ ಜೊತೆ ಅಷ್ಟಾಗಿ ಜಗಳ ಆಡುವುದಿಲ್ಲ. ಮೋಡ್ ಆರಿಸುವುದು ಅಂದರೆ ಈ ಎರಡು ಖಾಲಿ ಜಾಗಕ್ಕೆ ಯಾರನ್ನು ಕೂರಿಸಬೇಕು ಅನ್ನೋದು.

12ನೇ ಫ್ರೆಟ್‌ನಲ್ಲಿ ಕೈ ಇಡಿ. ರೆ ಸಿಗುವುದು ಒಂದನೇ ತಂತಿಯಲ್ಲಿ, ಧ ಎರಡನೆಯದರಲ್ಲಿ. ಎರಡಕ್ಕೂ ಆಯ್ಕೆ 13 ಅಥವಾ 14. ಎರಡೂ 14 ಆದರೆ ಡೋರಿಯನ್, ಅಂದರೆ ಕಾಫಿ ಥಾಟ್. ರೆ 14, ಧ 13 ಆದರೆ ಏಯೋಲಿಯನ್, ಅಂದರೆ ಆಸಾವರಿ. ಎರಡೂ 13 ಆದರೆ ಫ್ರಿಜಿಯನ್, ನಮ್ಮ ಭೈರವಿ. (ಥಾಟ್ ಅಷ್ಟೇ, ರಾಗ ಅಲ್ಲ. ರಾಗಕ್ಕೆ ಅದರದೇ ನಡೆ ಇದೆ, ಹಾಗಂತ ರೂಮ್‌ಮೇಟ್ ಮೂರು ಸಲ ಎಚ್ಚರಿಸಿದ್ದಾನೆ.)

ಯಾವುದನ್ನು ಆರಿಸಬೇಕು ಅಂತ ಹೇಳೋದು ರಿಫ್. ಅದರಲ್ಲಿ ಎ ಮೇಜರ್ ಇದ್ದರೆ ಡೋರಿಯನ್. ಸಿ ಮೇಜರ್ ಇದ್ದರೆ ಏಯೋಲಿಯನ್. ಇ ಪಕ್ಕದಲ್ಲೇ ಎಫ್ ಗುದ್ದುತ್ತಿದ್ದರೆ ಫ್ರಿಜಿಯನ್. ಬರೀ ಪವರ್ ಕಾರ್ಡ್ ಆದರೆ ಪ್ರತಿಯೊಂದರಲ್ಲೂ ಅದರ ಸ, ಪ ಮಾತ್ರ ಇರುತ್ತವೆ, ಗ ಇರಲ್ಲ. ಆಗ ಆಯ್ಕೆಗೆ ಜಾಗ ಹೆಚ್ಚು. ರಿದಮ್ ಗಿಟಾರಿಸ್ಟ್ ಇ ಮೇಜರ್ ಬಾರಿಸಿ ಡಿಗೆ ಹೋದರೆ ಮಿಕ್ಸೊಲಿಡಿಯನ್, ಖಮಾಜ್. ಅಲ್ಲಿ ಗ ಕೂಡ ಶುದ್ಧ.

ಕೇಳಿ ನೋಡಬೇಕೆಂದರೆ ಎ ಮೈನರ್‌ನ ಎರಡು ಹಾಡು ಸಾಕು. ಸಂತಾನಾದ 'ಓಯೆ ಕೋಮೋ ವಾ' (1970): ಡಿ ಕಾರ್ಡಿನಿಂದಾಗಿ ಎಫ್ ಶಾರ್ಪ್, ಡೋರಿಯನ್. ಲೆಡ್ ಜೆಪೆಲಿನ್‌ನ 'ಸ್ಟೇರ್‌ವೇ ಟು ಹೆವನ್' (1971) ಸೋಲೋ: ಕೆಳಗೆ ಎಫ್ ಕಾರ್ಡ್, ಹಾಗಾಗಿ ಎಫ್. ಒಂದೇ ಫ್ರೆಟ್ ಫರಕು. ಮೊದಲನೆಯದು ಕುಣಿಯುತ್ತೆ, ಎರಡನೆಯದು ಅಳುತ್ತೆ.

ಈಗ ರಿಫ್ ಅನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಮೇಲೆ 13 ಒಮ್ಮೆ, 14 ಒಮ್ಮೆ ಉದ್ದಕ್ಕೆ ಹಿಡಿದು ಕೇಳುತ್ತೇನೆ. ಎರಡೇ ನಿಮಿಷದ ಕೆಲಸ. ಈ ಗಣೇಶ ಹಬ್ಬಕ್ಕೂ ಅದೇ ರಿಫ್ ಇಟ್ಟಿದ್ದೇವೆ, ಡ್ರಮ್ಮರ್ ಬೇಡ ಅಂದರೂ.