ಪರದೇಶಿ, ಎತ್ತು ಮತ್ತು ಮೊಣಕಾಲು

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ನಿಘಂಟನ್ನು ನಂಬಿದವರಿಗೆ ಅವನು ಅನ್ಯದೇಶದವನು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಓಣಿಗಳಲ್ಲಿ ಬೆಳೆದವರಿಗೆ ಅವನು ಹಿಂದೆ ಮುಂದೆ ಯಾರೂ ಇಲ್ಲದವನು. “ಪಾಪ, ಪರದೇಶಿ ಆದ” ಎಂದು ನಮ್ಮ ಕಡೆಯ ಮುದುಕಿ ನಿಟ್ಟುಸಿರು ಬಿಟ್ಟರೆ ಅವನಿಗೆ ವೀಸಾ ದೊರೆಯಿತೆಂದು ತಿಳಿಯಬಾರದು. ದಿಕ್ಕು ತಪ್ಪಿತೆಂದು ತಿಳಿಯಬೇಕು. ಎರಡು ಅರ್ಥಗಳೂ ಬಹುಕಾಲ ತಂಟೆಯಿಲ್ಲದೆ ಒಂದೇ ಶಬ್ದದಲ್ಲಿ ಬಾಳಿದವು. ಈಗ ಮಾತ್ರ ಒಂದು ತೊಡಕು ಹುಟ್ಟಿದೆ. ಮಗ ಪರದೇಶಕ್ಕೆ ಹೋಗಿದ್ದಾನೆ, ತಂದೆ-ತಾಯಿ ಊರಲ್ಲಿದ್ದಾರೆ. ಇವರಲ್ಲಿ ಪರದೇಶಿ ಯಾರು?

ಈ ಪ್ರಶ್ನೆಯನ್ನು ಬಿಡಿಸಲು ಹೊರಟರೆ ದಾರಿಯಲ್ಲಿ ಎತ್ತು, ಎಮ್ಮೆ, ಆಡುಗಳು ಅಡ್ಡ ಬರುತ್ತವೆ. ಅವುಗಳ ಹಿಂದೆ ಮೊಣಕಾಲುನೋವು, ಸಕ್ಕರೆ ಕಾಯಿಲೆಗಳು ಕುಂಟುತ್ತ ಬರುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳೆಂದು ತೋರಬಹುದು. ಆದರೆ ನಮ್ಮ ಸೀಮೆಯಲ್ಲಿ ಈ ಮೂರನ್ನೂ ಒಂದೇ ಗೂಟಕ್ಕೆ ಕಟ್ಟಲಾಗಿದೆ.

ಊರು ಬಿಡುವುದು ನಮಗೆ ಹೊಸದಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರು ನದಿಗಳು ಹರಿದರೂ ಎಷ್ಟೋ ಹೊಲಗಳು ಇಂದಿಗೂ ಆಕಾಶದ ಕಡೆಗೇ ಮುಖ ಮಾಡಿಕೊಂಡಿವೆ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಗೋವೆಗೋ ಮಂಗಳೂರಿಗೋ ದುಡಿಯಲು ಹೋಗುವುದಕ್ಕೆ ‘ಗುಳೆ’ ಎಂದು ಹೆಸರು. ಗುಳೆ ಹೋಗುವಾಗ ಕುಟುಂಬದ ಮುಂದೆ ನಿಲ್ಲುವ ಮೊದಲ ಪ್ರಶ್ನೆ, “ದನಗಳನ್ನು ಯಾರು ನೋಡಿಕೊಳ್ಳಬೇಕು?” ಎಂಬುದು. ಉತ್ತರವೂ ಸಿದ್ಧವಾಗಿರುತ್ತದೆ: ಮುದುಕರು. ಹೀಗೆ ಮುದುಕರು ದನಗಳನ್ನು ನೋಡಿಕೊಳ್ಳುತ್ತಾರೆ. ದನಗಳು ಮುದುಕರನ್ನು ನೋಡಿಕೊಳ್ಳುತ್ತವೆ. ಕಂಪ್ಯೂಟರು ಕಲಿತ ಮೊಮ್ಮಗ ಅಮೇರಿಕೆಗೆ ಹೋದದ್ದೂ ಒಂದು ಗುಳೆಯೇ. ಗಂಟಿಗೆ ಗಾಲಿಗಳು ಬಂದಿವೆ, ಅಷ್ಟೇ. ಆದರೆ ಒಂದು ಭೇದವುಂಟು. ಗೋವೆಗೆ ಹೋದವನು ಬಾದಾಮಿಯ ಬನಶಂಕರಿ ಜಾತ್ರೆಗೆ ತಪ್ಪದೆ ಬರುತ್ತಾನೆ. ತೇರು ಎಳೆದು, ಕಂಪನಿ ನಾಟಕ ನೋಡಿ, ದನಗಳ ಜಾತ್ರೆಯಲ್ಲಿ ತಿರುಗಾಡಿ ಹೋಗುತ್ತಾನೆ. ಅಮೇರಿಕೆಗೆ ಹೋದವನ ರಜೆ ಡಿಸೆಂಬರಿನ ಕೊನೆಗೆ. ಬನದ ಹುಣ್ಣಿಮೆ ಸಾಮಾನ್ಯವಾಗಿ ಬೀಳುವುದು ಜನವರಿಯಲ್ಲಿ. ತಾಯಿ ಬನಶಂಕರಿ ತನ್ನ ಹುಣ್ಣಿಮೆಯನ್ನು ಮುಂದೂಡಳು. ಅವನ ಕಂಪನಿ ತನ್ನ ರಜೆಯನ್ನು ಹಿಂದೂಡದು.

ಹೊರಗೆ ಹೋಗಿ ಅಲ್ಲಿಯೇ ನೆಲೆನಿಂತವರ ಆದಿಪುರುಷನನ್ನು ಹುಡುಕಿದರೆ ಅವನೂ ಬಾದಾಮಿಯಲ್ಲಿಯೇ ಸಿಗುತ್ತಾನೆ. ಅಗಸ್ತ್ಯ ಮುನಿ ಉತ್ತರದಿಂದ ದಕ್ಷಿಣಕ್ಕೆ ಬಂದವನು. ಸೂರ್ಯನ ದಾರಿಗೆ ಅಡ್ಡವಾಗಿ ಬೆಳೆಯುತ್ತಿದ್ದ ವಿಂಧ್ಯಪರ್ವತ ಅವನಿಗಾಗಿ ಬಾಗಿತು. “ನಾನು ತಿರುಗಿ ಬರುವವರೆಗೆ ಹೀಗೆಯೇ ಇರು” ಎಂದು ಹೇಳಿ ಅವನು ಇತ್ತ ಬಂದ. ತಿರುಗಿ ಹೋಗಲೇ ಇಲ್ಲ. ಪುರಾಣ ಇದನ್ನು ಅಗಸ್ತ್ಯನ ಜಾಣತನವೆಂದು ಹೊಗಳುತ್ತದೆ. ವಿಂಧ್ಯದ ಬೆನ್ನಿನ ವಿಚಾರವನ್ನು ಯಾರೂ ಎತ್ತಿದಂತಿಲ್ಲ. “ಎರಡೇ ವರ್ಷ, ಆಮೇಲೆ ಬಂದುಬಿಡತೀನಿ” ಎಂದು ಹೇಳಿ ವಿಮಾನ ಹತ್ತಿದ ಮಕ್ಕಳ ತಂದೆಯರನ್ನು ನಮ್ಮ ಊರುಗಳ ಕಟ್ಟೆಗಳ ಮೇಲೆ ನೋಡಿದಾಗ ನನಗೆ ಆ ಪರ್ವತವೇ ನೆನಪಾಗುತ್ತದೆ. ಮೂಳೆಯ ವೈದ್ಯರು ಇದನ್ನು ಬೆನ್ನೆಲುಬಿನ ಸವೆತವೆಂದು ಕರೆಯುತ್ತಾರೆ. ಅದೂ ನಿಜವೇ.

ಅದೇ ಅಗಸ್ತ್ಯನ ಇನ್ನೊಂದು ಕಥೆ ಹೊಟ್ಟೆಗೆ ಸಂಬಂಧಿಸಿದ್ದು. ಇಲ್ವಲನೆಂಬ ರಾಕ್ಷಸ ತನ್ನ ತಮ್ಮ ವಾತಾಪಿಯನ್ನು ಟಗರನ್ನಾಗಿ ಮಾಡಿ, ಅಡಿಗೆ ಮಾಡಿ, ಅತಿಥಿಗಳಿಗೆ ಬಡಿಸುತ್ತಿದ್ದ. ಊಟವಾದ ಮೇಲೆ ಹೆಸರು ಹಿಡಿದು ಕರೆದರೆ ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಿದ್ದ. ಅಗಸ್ತ್ಯನ ಹೊಟ್ಟೆಯಿಂದ ಬರಲಿಲ್ಲ, ಆಗಲೇ ಜೀರ್ಣವಾಗಿಹೋಗಿದ್ದ. ವಾತಾಪಿಯೆಂಬುದು ಬಾದಾಮಿಯ ಹಳೆಯ ಹೆಸರು. ಅಲ್ಲಿಯ ಕೆರೆಗೆ ಅಗಸ್ತ್ಯತೀರ್ಥವೆಂದು ಹೆಸರು. ಇಡೀ ಟಗರನ್ನು ಅರಗಿಸಿದ ಮುನಿಯ ಊರಿನ ಸುತ್ತಮುತ್ತ ಇಂದು ಅರವತ್ತು ದಾಟಿದವರು ಅಮೀನಗಡದ ಕರದಂಟಿನ ಒಂದು ಚೂರನ್ನು ಅರಗಿಸಲು ರಕ್ತಪರೀಕ್ಷೆಯ ಚೀಟಿ ನೋಡಬೇಕಾಗಿದೆ. ಬೆಲ್ಲ, ಅಂಟು, ಗೋಡಂಬಿ, ಉತ್ತತ್ತಿ ಸೇರಿದ ಆ ಮಿಠಾಯಿ ಬಾಣಂತಿಯರಿಗೆ, ಮೈಮುರಿದು ದುಡಿಯುವವರಿಗೆ ಶಕ್ತಿ ಕೊಡುವ ತಿನಿಸು. ಕಟ್ಟೆಯ ಮೇಲೆ ಕುಳಿತವರಿಗೆ ಅದು ವಾತಾಪಿಯೇ. ಕರೆದ ಕೂಡಲೆ ಹೊರಗೆ ಬರುತ್ತಾನೆ, ಸಕ್ಕರೆಯ ಅಂಕೆಯಾಗಿ.

ಇನ್ನು ಎತ್ತಿನ ವಿಷಯ. ಮಗ ಅಮೇರಿಕೆಯ ಪಶ್ಚಿಮ ತೀರದಲ್ಲಿದ್ದರೆ ಅವನಿಗೂ ನಮಗೂ ಚಳಿಗಾಲದಲ್ಲಿ ಹದಿಮೂರೂವರೆ ತಾಸಿನ ಅಂತರ. ಇಲ್ಲಿ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಅಲ್ಲಿ ಹಿಂದಿನ ದಿನದ ಸಂಜೆ. ಮೊಬೈಲಿನ ಪರದೆಯಲ್ಲಿ ಮುಖ ಕಾಣುತ್ತದೆ. ತಾಯಿ “ಉಂಡ್ಯಾ?” ಎಂದು ಕೇಳುತ್ತಾಳೆ. ಫೋನು ತಂದೆಯ ಕೈಗೆ ಬರುತ್ತದೆ. ಇಬ್ಬರು ಗಂಡಸರು ಒಬ್ಬರನ್ನೊಬ್ಬರು ನೋಡುತ್ತ ಸುಮ್ಮನೆ ಕೂಡುತ್ತಾರೆ. ಕಡೆಗೆ ಮಗ ಕೇಳುತ್ತಾನೆ: “ಎತ್ತು ಹ್ಯಾಂಗದಾವಪ್ಪಾ?” ತಂದೆ ಹೇಳುತ್ತಾನೆ: “ಎಡಗಡೀದು ಯಾಕೋ ಸ್ವಲ್ಪ ಕುಂಟಾಕ ಹತ್ತೈತಿ.”

ಈ ಸಂಭಾಷಣೆ ಎತ್ತಿನದೆಂದು ಭಾವಿಸುವವನಿಗೆ ನಮ್ಮ ಸೀಮೆಯ ಭಾಷೆ ಇನ್ನೂ ಅರ್ಧ ಬರಬೇಕು. ನಮ್ಮ ಒಕ್ಕಲಿಗನು ತನ್ನ ನೋವನ್ನು ಹೇಳಿಕೊಳ್ಳುವುದನ್ನು ಸಣ್ಣತನವೆಂದು ಎಣಿಸುತ್ತಾನೆ. ಎತ್ತಿನ ನೋವನ್ನು ಹೇಳುವುದು ವ್ಯವಹಾರ. ಆದ್ದರಿಂದ ತನ್ನ ಮೊಣಕಾಲು ಹಿಡಿದಾಗ ಎತ್ತು ಕುಂಟುತ್ತದೆ. ತನಗೆ ಊಟ ಸೇರದಿದ್ದಾಗ ಎಮ್ಮೆ ಮೇವು ಬಿಡುತ್ತದೆ. ತನಗೆ ರಾತ್ರಿ ನಿದ್ರೆ ಬಾರದಿದ್ದಾಗ ಕರು ಬೆಳತನಕ ಒದರುತ್ತದೆ. ಮಗನೂ “ನಿನ್ನ ಪ್ರಕೃತಿ ಹೇಗಿದೆ?” ಎಂದು ನೇರವಾಗಿ ಕೇಳಲಾರ; ಕೇಳಿದರೆ ತಂದೆ “ನನಗೇನಾಗೇದ?” ಎಂದು ಸಿಟ್ಟಾಗುತ್ತಾನೆ. ಹೀಗೆ ಎರಡು ಖಂಡಗಳ ನಡುವೆ ಪ್ರೀತಿಯ ಭಾರವನ್ನು ಹೊತ್ತು ತಿರುಗುವುದು ಒಂದು ಜೋಡಿ ಖಿಲಾರಿ ಎತ್ತುಗಳು.

ವಯಸ್ಸಿನ ವಿಷಯದಲ್ಲಿ ಎತ್ತು ನಮಗಿಂತ ಪ್ರಾಮಾಣಿಕ. ಅದಕ್ಕೆ ಮೇಲ್ದವಡೆಯಲ್ಲಿ ಮುಂಹಲ್ಲುಗಳೇ ಇಲ್ಲ, ಕೆಳದವಡೆಯಲ್ಲಿ ಎಂಟು. ಸುಮಾರು ಎರಡು ವರ್ಷಕ್ಕೆ ನಡುವಿನ ಎರಡು ಹಾಲುಹಲ್ಲುಗಳು ಬಿದ್ದು ದೊಡ್ಡ ಹಲ್ಲು ಬರುತ್ತವೆ. ಆಮೇಲೆ ನಾಲ್ಕು, ಆರು. ನಾಲ್ಕೈದು ವರ್ಷಕ್ಕೆ ಎಂಟೂ ಬಂದು ‘ಬಾಯಿಗೂಡಿತು’ ಎನ್ನಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹಲ್ಲಿನ ಸವೆತವೇ ಜಾತಕ. ಜಾತ್ರೆಯಲ್ಲಿ ತುಟಿ ಸರಿಸಿ ನೋಡಿದವನಿಗೆ ಎತ್ತು ಸುಳ್ಳು ಹೇಳಲಾರದು. ಬಳಿಕ ಒಂದು ವಲ್ಲಿಯ ಕೆಳಗೆ ಕೈ ಹಿಡಿದು, ಬೆರಳುಗಳ ಒತ್ತಿನಿಂದಲೇ ಬೆಲೆ ಮಾತಾಡುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯದು.

ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಹೊರಟ ತಂದೆಗೆ ಈ ಮರ್ಯಾದೆಯೂ ಇಲ್ಲ. ಪ್ರವಾಸಿಗರ ಆರೋಗ್ಯವಿಮೆಯ ಕಾಗದದಲ್ಲಿ ಅವನ ವಯಸ್ಸು ಹೆಚ್ಚಾದಂತೆ ಕಂತು ಏರುತ್ತದೆ, ಸಿಗುವ ರಕ್ಷಣೆ ಇಳಿಯುತ್ತದೆ. ಮೊದಲೇ ಇದ್ದ ರೋಗಗಳಿಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ ಎಂಬ ಸಾಲು ಸಣ್ಣ ಅಕ್ಷರಗಳಲ್ಲಿರುತ್ತದೆ. ಎಪ್ಪತ್ತರ ಮನುಷ್ಯನಲ್ಲಿ ಮೊದಲೇ ಇರದ ರೋಗ ಯಾವುದೆಂದು ಹುಡುಕುವುದೇ ಕಷ್ಟ. ಅಂತೂ ಹೋಗುತ್ತಾನೆ. ಅಲ್ಲಿ ಅವನಿಗೆ ಕಾಣುವುದೇನು? “ಸೆಗಣಿ ಬಳಿಯುವ ಬಾಳು ನಿನಗೆ ಬೇಡ” ಎಂದು ಹೊಲ ಮಾರಿ ಓದಿಸಿದ ಮಗ, ಬೆಳಗಿನ ಚಳಿಯಲ್ಲಿ ನಾಯಿಯ ಹಿಂದೆ ಚೀಲ ಹಿಡಿದು ಹೊರಟಿದ್ದಾನೆ. ಹುನಗುಂದದಲ್ಲಿ ಬಳಿದದ್ದು ಕುಳ್ಳಾಗಿ ಒಲೆ ಸೇರುತ್ತಿತ್ತು, ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಅಲ್ಲಿ ಬಳಿದದ್ದು ಕಸದ ಡಬ್ಬಿ ಸೇರುತ್ತದೆ. ತಂದೆ ಏನೂ ಮಾತಾಡುವುದಿಲ್ಲ. ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಇದೊಂದನ್ನೇ ಆರು ತಿಂಗಳು ಮಾತಾಡುತ್ತಾನೆ.

ಊರು ಬಿಡದೆಯೇ ಪರದೇಶಿಯಾದವರೂ ನಮ್ಮಲ್ಲಿದ್ದಾರೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಬಂದು, ನೀರನ್ನು 519.60 ಮೀಟರ್ ಮಟ್ಟಕ್ಕೆ ನಿಲ್ಲಿಸತೊಡಗಿದಾಗ, ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಓಣಿಗಳನ್ನು ಹೊಕ್ಕಿತು. ಜನ ನವನಗರಕ್ಕೆ ಬಂದರು. ಕೆಲವೇ ಮೈಲುಗಳ ಪ್ರಯಾಣ; ಪಾಸ್‌ಪೋರ್ಟು ಬೇಡ. ಆದರೆ ಓಣಿಯ ಹೆಸರು ಹೇಳಿ ಬದುಕಿದವರು ಸೆಕ್ಟರಿನ ಸಂಖ್ಯೆ ಹೇಳಿ ಬದುಕಲು ಕಲಿಯಬೇಕಾಯಿತು. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದೊಡನೆ ದನಗಳು, ಅವುಗಳ ಎದುರಿಗೆ ಗೋದಲಿ, ಒಂದು ಮೆಟ್ಟಿಲು ಮೇಲೆ ಪಡಸಾಲೆಯಲ್ಲಿ ಮನುಷ್ಯರು. ಮುದುಕ ರಾತ್ರಿ ಮಗ್ಗುಲು ಬದಲಿಸಿದರೆ ಎತ್ತಿಗೆ ತಿಳಿಯುತ್ತಿತ್ತು. ಅಳತೆ ಹಾಕಿ ಕೊಟ್ಟ ನಿವೇಶನದ ಮನೆಯಲ್ಲಿ ಕಾರು ನಿಲ್ಲಿಸಲು ಜಾಗ ಬರೆದಿರುತ್ತಾರೆ, ಎತ್ತು ನಿಲ್ಲಿಸಲು ಬರೆದಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಈಗ ಮಣ್ಣೆತ್ತಿನ ಅಮಾವಾಸ್ಯೆಯ ಮಣ್ಣಿನ ಜೋಡಿಯೇ ಉಳಿದಿದೆ. ಅದಕ್ಕೆ ಮೇವು ಬೇಡ, ಅದು ಕುಂಟುವುದೂ ಇಲ್ಲ.

ದನಗಳಿಂದ ಮುಪ್ಪಿಗೆ ಆಗುವ ಉಪಕಾರವನ್ನು ಬರೀ ಭಾವನೆಯ ಮಾತೆಂದು ತಳ್ಳಬಾರದು. ಇಂಗ್ಲೆಂಡಿನ ಜೆನ್ನರ್ 1796ರಲ್ಲಿ ಸಿಡುಬಿಗೆ ತಡೆ ಕಂಡುಕೊಂಡದ್ದು ಹಾಲು ಕರೆಯುವವರಿಗೆ ಹತ್ತುತ್ತಿದ್ದ ಆಕಳ ಸಿಡುಬಿನಿಂದ. ಕೆನಡಾದ ಟೊರಾಂಟೊದಲ್ಲಿ 1921ರಲ್ಲಿ ಇನ್ಸುಲಿನ್ ಕಂಡುಹಿಡಿದ ಬಳಿಕ ಅರ್ಧ ಶತಮಾನಕ್ಕೂ ಮೇಲ್ಪಟ್ಟು ಸಕ್ಕರೆ ಕಾಯಿಲೆಯವರು ಬದುಕಿದ್ದು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಮದ್ದಿನಿಂದ. ಸೂಕ್ಷ್ಮಾಣುಗಳಿಂದ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಇಂದು ನಮ್ಮ ಹಿರಿಯರು ನುಂಗುವ ಮೆಟ್‌ಫಾರ್ಮಿನ್ ಗುಳಿಗೆಯ ಮೂಲ ಹುಡುಕಿದರೆ ಯುರೋಪಿನಲ್ಲಿ ಆಡಿನ ಹೆಸರು ಹೊತ್ತ ಒಂದು ಗಿಡಕ್ಕೆ ಹೋಗಿ ಮುಟ್ಟುತ್ತದೆ. ಕೆಟ್ಟ ಹೃದಯ ಕವಾಟದ ಬದಲು ಹಾಕುವ ಕವಾಟಗಳಲ್ಲಿ ಕೆಲವನ್ನು ದನದ ಹೃದಯದ ಪೊರೆಯಿಂದ ಮಾಡುತ್ತಾರೆ. ಬದುಕಿಡೀ ಎತ್ತಿನ ಹೆಗಲ ಮೇಲೆ ನೊಗ ಇಟ್ಟವನ ಎದೆಯಲ್ಲಿ ಕಡೆಗೆ ದನವೇ ಬಂದು ಬಾಗಿಲು ಕಾಯುತ್ತದೆ.

ಅಪಕಾರವನ್ನೂ ಹೇಳಬೇಕು. ಕಂದು ಹಾಕುವ ರೋಗವಿರುವ ದನದ ಹಸಿಹಾಲು ಕುಡಿದರೆ, ಕೈಗವಸಿಲ್ಲದೆ ಅದರ ಹೆರಿಗೆ ಮಾಡಿಸಿದರೆ, ಮನುಷ್ಯನಿಗೂ ಬಂದು ಹೋಗುವ ಜ್ವರ, ಕೀಲುನೋವು ಹತ್ತುತ್ತದೆ. ‘ವಯಸ್ಸಿನ ನೋವು’ ಎಂದು ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಳ್ಳುವವರಲ್ಲಿ ಕೆಲವರದು ಔಷಧದಿಂದ ಹೋಗುವ ಈ ಜ್ವರವೇ ಆಗಿರಬಹುದು. ಹಾಲನ್ನು ಕಾಯಿಸಿ ಕುಡಿಯಬೇಕು. ವೈದ್ಯರ ಮುಂದೆ ಮನೆಯಲ್ಲಿ ದನಗಳಿವೆಯೆಂದು ಹೇಳಬೇಕು. ಎಪ್ಪತ್ತೈದರ ಸೊಂಟಕ್ಕೆ ಎಮ್ಮೆಯ ಒಂದು ಒದೆತ ಸಾಕು, ಹಾಸಿಗೆ ಹಿಡಿಯಲು.

“ಹಾಗಾದರೆ ಎತ್ತು ಮಾರಿ ಆರಾಮ ಇರ್ರಿ” ಎಂದು ಪರದೇಶದ ಮಗ ಹೇಳುವುದು ಪ್ರೀತಿಯಿಂದಲೇ. ಆದರೆ ನಸುಕಿನಲ್ಲಿ ಮುದುಕನನ್ನು ಎಬ್ಬಿಸುತ್ತಿದ್ದವರು ಯಾರು? ಹೊಲದವರೆಗೆ ನಡೆಸಿಕೊಂಡು ಹೋಗುತ್ತಿದ್ದವರು ಯಾರು? ವೈದ್ಯರು ದಿನಕ್ಕೆ ಅರ್ಧ ತಾಸು ನಡೆಯಿರೆಂದು ಚೀಟಿ ಬರೆಯುತ್ತಾರೆ. ಎತ್ತು ಚೀಟಿಯಿಲ್ಲದೆ ಎರಡು ತಾಸು ನಡೆಸುತ್ತಿತ್ತು. ಕೊಟ್ಟಿಗೆ ಬರಿದಾದ ಮನೆಯಲ್ಲಿ ಮುದುಕ ಆರಾಮ ಇರುವುದಿಲ್ಲ, ಸುಮ್ಮನೆ ಇರುತ್ತಾನೆ. ಇದಕ್ಕೆ ನಮ್ಮ ಹಿರಿಯರೇ ಒಂದು ನಡುದಾರಿ ಮಾಡಿಟ್ಟಿದ್ದಾರೆ, ಅದು ಪಾಲು. ಎರಡು ಆಡನ್ನೋ ಒಂದು ಎಮ್ಮೆಯನ್ನೋ ಕೊಂಡು ಓಣಿಯ ಕಸುವಿರುವ ಕುಟುಂಬಕ್ಕೆ ಪಾಲಿಗೆ ಕೊಡುವುದು. ಮೇಯಿಸುವ ಭಾರ ಅವರದು, ಹುಟ್ಟುವ ಮರಿಗಳಲ್ಲಿ ಅರ್ಧ ಇವನದು. ದಿನವೂ ಹೋಗಿ ನೋಡಿ, ನಾಲ್ಕು ತಪ್ಪು ಹುಡುಕಿ ಬರುವ ಹಕ್ಕು ಪೂರ್ತಿ ಇವನದು. ಮರಿಗಿಂತ ಈ ಹಕ್ಕಿನ ಬೆಲೆ ದೊಡ್ಡದು.

ಇಳಕಲ್ಲಿನ ಸೀರೆಯನ್ನು ನೋಡಿದವರು ಅದರ ಮೈಗೂ ಸೆರಗಿಗೂ ಹಾಸು ಬೇರೆ ಬೇರೆಯೆಂಬುದನ್ನು ಬಲ್ಲರು. ಮೈಯ ಹಾಸು ಹೆಚ್ಚಾಗಿ ಹತ್ತಿಯದು, ಸೆರಗಿನದು ರೇಷ್ಮೆಯದು. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎಂದು ಹೆಸರು. ಮಗನ ಬಾಳು ರೇಷ್ಮೆಯಾಗಲಿ. ಕೊಂಡಿ ಹಾಕುವ ಕೆಲಸವನ್ನು ಮಾತ್ರ ಯಾರಾದರೂ ಕೂತು, ಎಳೆ ಎಳೆಯಾಗಿ ಮಾಡಬೇಕು. ತಿಂಗಳಿಗೊಮ್ಮೆ ಬ್ಯಾಂಕಿನ ಮೂಲಕ ಬರುವ ಹಣ ಒಂದು ಎಳೆ. ಎತ್ತಿನ ಮಾತು ಇನ್ನೊಂದು.

ಆದ್ದರಿಂದ ದೂರದೇಶದಲ್ಲಿರುವ ನಮ್ಮ ಮಕ್ಕಳಿಗೆ ಒಂದೇ ಸೂಚನೆ. “ಎಡಗಡೆ ಎತ್ತು ಕುಂಟುತ್ತಿದೆ” ಎಂದು ತಂದೆ ಹೇಳಿದರೆ ಯಾವ ಕಾಲೆಂದು ಕೇಳಿ, ಎಂದಿನಿಂದ ಎಂದು ಕೇಳಿ, ಬಾವು ಬಂದಿದೆಯೇ ಎಂದು ಕೇಳಿ. ಉತ್ತರವನ್ನು ಬರೆದುಕೊಂಡು ಮನುಷ್ಯರ ವೈದ್ಯರಿಗೆ ತೋರಿಸಿ. ಮನೆಯ ಎತ್ತುಗಳನ್ನು ಮಾರಿ ನಾಲ್ಕು ವರ್ಷವಾದ ಮೇಲೂ ಅವನು ಹಾಗೆಯೇ ಹೇಳಿದರೆ ಹೆಚ್ಚು ಪ್ರಶ್ನೆ ಕೇಳಬೇಡಿ. ವಿಮಾನದ ಟಿಕೇಟು ತೆಗೆಸಿ.